ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿದ್ರೆ ಕಾರ್ ಬ್ಯಾಟರಿ ಉಳಿಯುತ್ತಾ?

ಈ ವಾರದ ವಿಷಯ ಕಾರ್ ಬ್ಯಾಟರಿ. ಅದರಲ್ಲೂ ತಿಂಗಳಿಗೊಂದು ಸಲ ಗೇಟ್ ದಾಟೋ ಸ್ಪೋರ್ಟ್ಸ್ ಕಾರಿನ ಬ್ಯಾಟರಿ.

"ನನ್ನ ಹತ್ರ ಸ್ಪೋರ್ಟ್ಸ್ ಕಾರ್ ಎಲ್ಲಿಂದ ಬರ್ಬೇಕು ಗುರು" ಅಂತ ಸ್ಕಿಪ್ ಮಾಡ್ಬೇಡಿ. ನನ್ನ ಹತ್ರಾನೂ ಇಲ್ಲ. ಆದ್ರೆ ನೀವು ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದು, ಮೈಸೂರಿನ ಮನೇಲಿ ಒಂದು ಸ್ವಿಫ್ಟೋ ಸ್ಕೂಟರೋ ಕವರ್ ಹೊದ್ದು ನಿಂತಿದ್ರೆ, ಇವತ್ತು ನಾನು ಹೇಳೋ ಲೆಕ್ಕ ನಿಮಗೂ ಅಷ್ಟೇ ಅನ್ವಯ ಆಗುತ್ತೆ.

ಕಾರು ನಮ್ಮ ದೊಡ್ಡಪ್ಪನ ಮಗಂದು. ನಾನು ಅಣ್ಣ ಅಂತೀನಿ. ಎರಡೇ ಸೀಟು, ಮೇಲಿನ ಟಾಪ್ ಮಡಚಿಕೊಳ್ಳುತ್ತೆ, ಜರ್ಮನ್ ಕಂಪನೀದು. ಕೊಂಡು ಒಂದು ವರ್ಷಕ್ಕೆ ಅವನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ತು. ಕಾರು ಸರಸ್ವತಿಪುರಂನ ಮನೆ ಗ್ಯಾರೇಜಲ್ಲಿ ಉಳೀತು. ಜವಾಬ್ದಾರಿ ದೊಡ್ಡಪ್ಪನ ಮೇಲೆ ಬಿತ್ತು. ಅವರು ಬ್ಯಾಂಕಿಂದ ರಿಟೈರ್ ಆದವರು, ಒಪ್ಪಿಕೊಂಡ ಕೆಲಸ ಬಿಡೋರಲ್ಲ. ಪ್ರತಿ ಭಾನುವಾರ ಸ್ನಾನ, ಪೂಜೆ ಆದ್ಮೇಲೆ ಕವರ್ ತೆಗೆದು, ಕಾರ್ ಸ್ಟಾರ್ಟ್ ಮಾಡಿ, ವಾಚ್ ನೋಡ್ಕೊಂಡು ಐದು ನಿಮಿಷ ಓಡಿಸಿ ಆಫ್ ಮಾಡೋರು. ನಾಲ್ಕು ವರ್ಷದಲ್ಲಿ ಒಂದು ವಾರಾನೂ ತಪ್ಪಿಸಿದ್ದು ನಾನು ಕಾಣೆ.

ಆ ನಾಲ್ಕು ವರ್ಷದಲ್ಲಿ ಮೂರು ಬ್ಯಾಟರಿ ಹೋಯ್ತು.

ಮೂರನೇದು ಹೋಗಿದ್ದು ಆಯುಧಪೂಜೆ ದಿನ. ಅಣ್ಣ ದಸರಾಗೆ ಅಂತ ಊರಿಗೆ ಬಂದಿದ್ದ. ಕಾರ್ ತೊಳೆದು, ಕುಂಕುಮ ಇಟ್ಟು, ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಅಣ್ಣ ಬಟನ್ ಒತ್ತಿದ. ಟಿಕ್ ಟಿಕ್ ಟಿಕ್ ಅಂತು, ಅಷ್ಟೇ. ಇನ್ನೊಂದ್ಸಲ ಒತ್ತಿದ, ಅದೂ ಇಲ್ಲ. ಪಕ್ಕದ ಮನೆಯವರೆಲ್ಲ ನೋಡ್ತಾ ನಿಂತಿದ್ರು. ಅಣ್ಣಂಗೆ ಸಿಟ್ಟು ಬಂತು. "ಅಪ್ಪಾ, ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಅಂದ್ರೆ ಅದೂ ಆಗಲ್ವಾ ನಿಮಗೆ?" ಅಂದ್ಬಿಟ್ಟ. ದೊಡ್ಡಪ್ಪ ಏನೂ ಮಾತಾಡ್ದೆ ಒಳಗೆ ಹೋದ್ರು. ಮಧ್ಯಾಹ್ನ ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಹೇಳಿದ ಕೆಲಸಾನ ಅವರು ಒಂದು ವಾರಾನೂ ಬಿಟ್ಟಿರಲಿಲ್ಲ. ಹಾಗಾದ್ರೆ ತಪ್ಪು ಎಲ್ಲಿ? ಇವತ್ತಿನ ಎಪಿಸೋಡ್ ಪೂರ್ತಿ ಅದೇ.

ಈ ಅಭ್ಯಾಸ ಬಂದಿದ್ದೆಲ್ಲಿಂದ?

ಹಬ್ಬ ಮುಗಿದ ಮೇಲೆ ನಾನು ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್‌ನ ಮನೆಗೆ ಕರ್ಕೊಂಡು ಬಂದೆ. ಚಿಕ್ಕ ವಯಸ್ಸಲ್ಲಿ ಜಾವಾ, ಯೆಜ್ಡಿ ಬೈಕುಗಳ ವೈರಿಂಗ್ ಮಾಡ್ತಾ ಕೆಲಸ ಕಲಿತವರು. ನಿಮಗೆ ಗೊತ್ತಿರಬಹುದು, ಆ ಬೈಕುಗಳು ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ ತಯಾರಾಗ್ತಿದ್ವು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಫ್ಯಾಕ್ಟರಿ. ದೊಡ್ಡಪ್ಪನ ಹತ್ರಾನೂ ಒಂದು ಯೆಜ್ಡಿ ಇತ್ತು.

ಅವರು ಎಲ್ಲಾ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ಸಾರ್, ನೀವು ಯೆಜ್ಡಿಗೆ ಮಾಡೋ ಆರೈಕೆ ಈ ಕಾರಿಗೆ ಮಾಡಿದೀರಿ."

ಅದು ನಿಜ. ಯೆಜ್ಡಿಯಲ್ಲಿ ಕೀ ತೆಗೆದ್ರೆ ಕರೆಂಟ್ ಪೂರ್ತಿ ಬಂದ್. ಒಳಗೆ ಕಂಪ್ಯೂಟರ್ ಇಲ್ಲ, ಅಲಾರಂ ಇಲ್ಲ. ಸ್ಟಾರ್ಟ್ ಮಾಡೋಕೆ ಕಾಲಿದೆ, ಕಿಕ್ಕರ್ ಇದೆ. ಅಂಥ ಗಾಡೀನ ವಾರಕ್ಕೊಂದ್ಸಲ ಕಿಕ್ ಹೊಡೆದು ಓಡಿಸಿದ್ರೆ ಆಯ್ತು.

ಈಗಿನ ಕಾರು ಹಾಗಲ್ಲ. ಲಾಕ್ ಮಾಡಿ ಹೋದ್ಮೇಲೂ ಅದು ಅರ್ಧ ಎಚ್ಚರವಾಗೇ ಇರುತ್ತೆ. ರಿಮೋಟ್ ಸಿಗ್ನಲ್ ಬರುತ್ತಾ ಅಂತ ಕಾಯ್ತಾ ಇರುತ್ತೆ, ಅಲಾರಂ ಕಾವಲು ಕಾಯುತ್ತೆ, ಗಡಿಯಾರ ಓಡುತ್ತೆ, ಕಂಪ್ಯೂಟರ್‌ಗಳು ಮೆಮೊರಿ ಉಳಿಸಿಕೊಂಡಿರುತ್ವೆ. ಇದಕ್ಕೆಲ್ಲ ಕರೆಂಟ್ ಬ್ಯಾಟರಿಯಿಂದಾನೇ ಹೋಗ್ಬೇಕು. ಹೀಗೆ ನಿಂತಲ್ಲೇ ಸೋರಿ ಹೋಗೋ ಕರೆಂಟನ್ನ ಮೆಕ್ಯಾನಿಕ್‌ಗಳು ಡ್ರೈನ್ ಅಂತಾರೆ. ಸರಿಯಾಗಿರೋ ಕಾರಿನಲ್ಲೂ ಅದು ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್ ಇರುತ್ತೆ.

ಪಾಸ್‌ಬುಕ್ ಲೆಕ್ಕ

ನಾನು ಬಿ.ಕಾಂ. ಓದಿದವನು. ಬ್ಯಾಟರಿ ನನಗೆ ಅರ್ಥ ಆಗಿದ್ದೇ ಪಾಸ್‌ಬುಕ್ ಥರ ನೋಡಿದಾಗ. ದೊಡ್ಡಪ್ಪಂಗೆ ಅರ್ಥ ಮಾಡಿಸಿದ್ದೂ ಹಾಗೇ.

ಬ್ಯಾಟರಿ ಮೇಲೆ 70 ಎಎಚ್ ಅಂತ ಬರೆದಿರುತ್ತಲ್ಲ, ಎಎಚ್ ಅಂದ್ರೆ ಆಂಪಿಯರ್ ಅವರ್. ಅದು ನಿಮ್ಮ ಅಕೌಂಟಲ್ಲಿರೋ ಪೂರ್ತಿ ಬ್ಯಾಲೆನ್ಸ್. ಎಲೆಕ್ಟ್ರಿಷಿಯನ್ ಮೀಟರ್ ಹಾಕಿ ನೋಡಿದಾಗ ಅಣ್ಣನ ಕಾರಿನ ಡ್ರೈನ್ ಸುಮಾರು 40 ಮಿಲಿ ಆಂಪಿಯರ್ ಬಂತು. 24 ಗಂಟೆಗೆ ಲೆಕ್ಕ ಹಾಕಿ: 0.96. ಅಂದ್ರೆ ದಿನಕ್ಕೆ ಹತ್ತಿರ ಹತ್ತಿರ 1 ಎಎಚ್ ಖರ್ಚು. ವಾರಕ್ಕೆ 7.

ಈಗ ಭಾನುವಾರದ ಜಮೆ ನೋಡೋಣ. ಸೆಲ್ಫ್ ಹೊಡೆಯುವಾಗ ಎಂಜಿನ್ ತಿರುಗಿಸೋಕೆ 200 ಆಂಪಿಯರ್‌ನಷ್ಟು ಬೇಕಾಗಬಹುದು. ಆದ್ರೆ ಎರಡು ಮೂರು ಸೆಕೆಂಡ್ ಮಾತ್ರ. ಆ ಖರ್ಚು 0.2 ಎಎಚ್ ಒಳಗೇ ಮುಗಿಯುತ್ತೆ. ಆಮೇಲೆ ಎಂಜಿನ್ ಐಡಲ್‌ನಲ್ಲಿ ಓಡ್ತಾ ಇರುತ್ತೆ. ಡೈನಮೋ ಅಂತ ನಾವು ಕರೆಯೋ ಆಲ್ಟರ್ನೇಟರ್ ನಿಧಾನಕ್ಕೆ ತಿರುಗುತ್ತೆ. ಫ್ಯಾನು, ಲೈಟು, ಪೆಟ್ರೋಲ್ ಪಂಪ್, ಕಂಪ್ಯೂಟರ್ ಎಲ್ಲಾ ತಗೊಂಡು ಉಳಿದದ್ದು ಬ್ಯಾಟರಿಗೆ. ಧಾರಾಳವಾಗಿ 10 ಆಂಪಿಯರ್ ಸಿಗ್ತು ಅಂತಲೇ ಇಟ್ಕೊಳ್ಳಿ. ಐದು ನಿಮಿಷಕ್ಕೆ ಆಗೋದು 0.8 ಎಎಚ್. ಸೆಲ್ಫ್ ಖರ್ಚು ಕಳೆದ್ರೆ 0.6. ಬಾಗಿಲು ತೆಗೆದಾಗ ಎಚ್ಚರ ಆಗೋ ಕಂಪ್ಯೂಟರ್‌ಗಳು, ಆಫ್ ಮಾಡಿದ್ಮೇಲೆ ಅವು ಮತ್ತೆ ಮಲಗೋಕೆ ತಗೊಳ್ಳೋ ಅರ್ಧ ಗಂಟೆ, ಇವನ್ನೂ ಸೇರಿಸಿದ್ರೆ ಅದೂ ಉಳಿಯಲ್ಲ.

ವಾರಕ್ಕೆ 7 ಖರ್ಚು, ಅರ್ಧ ಜಮೆ. ಐದಾರು ವಾರಕ್ಕೆ ಬ್ಯಾಲೆನ್ಸ್ ಅರ್ಧ ಆಗುತ್ತೆ. ಎರಡೂವರೆ ತಿಂಗಳಿಗೆ ಖಾಲಿ.

ದೊಡ್ಡಪ್ಪ ಆ ಪೇಪರ್‌ನ ಎರಡು ಸಲ ನೋಡಿದ್ರು. "ಅಂದ್ರೆ ನಾನು ಮಾಡಿದ್ದೆಲ್ಲ ದಂಡ" ಅಂದ್ರು. ಇಲ್ಲ ದೊಡ್ಡಪ್ಪ, ನಿಮಗೆ ಹೇಳಿದ ವಿಧಾನಾನೇ ತಪ್ಪು ಅಂದೆ.

ಇನ್ನೊಂದು ವಿಷಯ. ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿ ಆಗಲ್ಲ. ಸೈಲೆನ್ಸರ್ ಒಳಗೆ ನೀರಿನ ಪಸೆ ಉಳಿಯುತ್ತೆ, ಸುಡದ ಪೆಟ್ರೋಲ್ ಸ್ವಲ್ಪ ಆಯಿಲ್‌ಗೆ ಇಳಿಯುತ್ತೆ. ಬ್ಯಾಟರಿಗೂ ಲಾಭ ಇಲ್ಲ, ಎಂಜಿನ್‌ಗೂ ಇಲ್ಲ.

"ಹಾಗಾದ್ರೆ ವಾರಕ್ಕೊಂದ್ಸಲ ರಿಂಗ್ ರೋಡ್ ಒಂದು ರೌಂಡ್ ಹೊಡೆದ್ರೆ?" ಅಂತ ಕೇಳ್ತೀರಿ. ಒಳ್ಳೇದು. ನಮ್ಮ ರಿಂಗ್ ರೋಡ್ ಸುಮಾರು 42 ಕಿ.ಮೀ. ಒಂದು ಗಂಟೆ ಓಡಿಸಿದ್ರೆ ವಾರದ ಖರ್ಚು ವಾಪಸ್ ಬರುತ್ತೆ. ಆದ್ರೆ ಒಂದು ತಿಂಗಳು ಬಿಟ್ಟು ಒಂದು ರೌಂಡ್ ಹೊಡೆದ್ರೆ ಸಾಲಲ್ಲ. ಯಾಕಂದ್ರೆ ಲೆಡ್ ಆಸಿಡ್ ಬ್ಯಾಟರಿ ಕೊನೆಯ 20 ಪರ್ಸೆಂಟ್ ಚಾರ್ಜನ್ನ ತುಂಬಾ ನಿಧಾನವಾಗಿ ತಗೊಳ್ಳುತ್ತೆ. ಅದಕ್ಕೆ ಹಲವು ಗಂಟೆ ಬೇಕು. ಅಷ್ಟೊತ್ತು ಯಾರೂ ಓಡಿಸಲ್ಲ.

ಅರ್ಧ ಚಾರ್ಜಲ್ಲಿ ನಿಂತ್ರೆ ಒಳಗೆ ಏನಾಗುತ್ತೆ

12 ವೋಲ್ಟ್ ಬ್ಯಾಟರಿ ಒಳಗೆ ಆರು ಸೆಲ್ ಇರುತ್ವೆ. ಒಂದೊಂದು ಸುಮಾರು 2.1 ವೋಲ್ಟ್. ಸೀಸದ ಪ್ಲೇಟುಗಳು, ಅವುಗಳ ಮಧ್ಯೆ ಸಲ್ಫ್ಯೂರಿಕ್ ಆಸಿಡ್ ಮತ್ತು ನೀರು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ ವಿನ್ಯಾಸ. ಮೂಲ ತತ್ವ ಇವತ್ತಿಗೂ ಅದೇ.

ಕರೆಂಟ್ ಹೊರಗೆ ಹೋಗುವಾಗ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಅನ್ನೋ ಪದರ ಕೂರುತ್ತೆ. ಬೇಗ ಚಾರ್ಜ್ ಮಾಡಿದ್ರೆ ಅದು ಕರಗಿ ವಾಪಸ್ ಹೋಗುತ್ತೆ. ವಾರಗಟ್ಟಲೆ ಹಾಗೇ ಬಿಟ್ರೆ ಹರಳುಗಟ್ಟಿ ಗಟ್ಟಿ ಆಗುತ್ತೆ. ಬೋರ್‌ವೆಲ್ ನೀರಿಂದ ಗೀಸರ್ ಒಳಗೆ ಬಿಳೀ ಪದರ ಕೂರುತ್ತಲ್ಲ, ಹಾಗೆ. ಆ ಪದರ ಕೂತಷ್ಟು ಜಾಗ ಕೆಲಸಕ್ಕೆ ಬರಲ್ಲ. 70 ಎಎಚ್ ಬ್ಯಾಟರಿ ನಿಧಾನಕ್ಕೆ 50 ಆಗುತ್ತೆ, ಆಮೇಲೆ 30. ಇದಕ್ಕೆ ಸಲ್ಫೇಶನ್ ಅಂತಾರೆ. ಓಡಿಸದ ಕಾರುಗಳ ಬ್ಯಾಟರಿ ಸಾಯೋದು ಬಹುತೇಕ ಇದರಿಂದಲೇ.

ಬಿಸಿಲೂ ಸೇರಿದ್ರೆ ಇನ್ನೂ ಬೇಗ. ಉಷ್ಣಾಂಶ 10 ಡಿಗ್ರಿ ಹೆಚ್ಚಾದ್ರೆ ಬ್ಯಾಟರಿ ತನ್ನಷ್ಟಕ್ಕೆ ಖಾಲಿ ಆಗೋ ವೇಗ ಸರಿಸುಮಾರು ಎರಡು ಪಟ್ಟು ಆಗುತ್ತೆ. ಏಪ್ರಿಲ್‌ನಲ್ಲಿ ಶೀಟ್ ಹಾಕಿದ ಗ್ಯಾರೇಜ್ ಒಳಗೆ ಹೇಗಿರುತ್ತೆ ಅಂತ ನಿಮಗೇ ಗೊತ್ತು.

ಮೂರನೇ ಬ್ಯಾಟರಿಗೆ 14 ತಿಂಗಳಷ್ಟೇ ಆಗಿತ್ತು. ವಾರಂಟಿ ಇದೆ ಅಂತ ನಾವು ಅಂಗಡಿಗೆ ತಗೊಂಡು ಹೋದ್ವಿ. ಟೆಸ್ಟ್ ಮಾಡಿ, "ಪೂರ್ತಿ ಡಿಸ್ಚಾರ್ಜ್ ಆಗೋಕೆ ಬಿಟ್ಟಿದೀರಿ, ಇದು ತಯಾರಿಕೆಯ ದೋಷ ಅಲ್ಲ" ಅಂತ ವಾಪಸ್ ಕಳಿಸಿದ್ರು. ಕಾರ್ಡ್ ತಿರುಗಿಸಿ ಓದಿದ್ರೆ ಹಾಗೇ ಬರೆದಿತ್ತು. ನಿಮ್ಮ ಬ್ಯಾಟರಿಯ ವಾರಂಟಿ ಕಾರ್ಡನ್ನೂ ಒಂದ್ಸಲ ತಿರುಗಿಸಿ ಓದಿ.

ಯಾವ ಬ್ಯಾಟರಿ ತಗೋಬೇಕು

ಅಂಗಡಿಗೆ ಹೋದ್ರೆ ಮುಖ್ಯವಾಗಿ ನಾಲ್ಕು ಹೆಸರು ಕಿವಿಗೆ ಬೀಳುತ್ತೆ.

ಮೊದಲನೇದು ಸಾಮಾನ್ಯ ಲೆಡ್ ಆಸಿಡ್. ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕೋದು, ಅಥವಾ ಸೀಲ್ ಆಗಿರೋ ಮೇಂಟೆನೆನ್ಸ್ ಫ್ರೀ. ಬೆಲೆ ಕಮ್ಮಿ. ದಿನಾ ಓಡೋ ಮಾಮೂಲಿ ಕಾರಿಗೆ ಸಾಕು.

ಎರಡನೇದು ಇಎಫ್‌ಬಿ. ಅದೇ ಜಾತಿ, ಸ್ವಲ್ಪ ಗಟ್ಟಿಮುಟ್ಟು. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಆನ್ ಆಗೋ ಸ್ಟಾರ್ಟ್ ಸ್ಟಾಪ್ ಕಾರುಗಳಿಗೆ ಮಾಡಿದ್ದು.

ಮೂರನೇದು ಎಜಿಎಂ. ನನ್ನಂಥ ಬಿ.ಕಾಂ. ಹುಡುಗನಿಗೆ ಎಜಿಎಂ ಅಂದ್ರೆ ಕಂಪನಿಯ ವಾರ್ಷಿಕ ಸಭೆ. ಇಲ್ಲಿ ಅದು ಗಾಜಿನ ನಾರಿನ ಚಾಪೆ. ಆಸಿಡ್ ದ್ರವವಾಗಿ ಅಲ್ಲಾಡಲ್ಲ, ಆ ಚಾಪೆ ಹೀರಿಕೊಂಡಿರುತ್ತೆ. ತನ್ನಷ್ಟಕ್ಕೆ ಖಾಲಿ ಆಗೋದು ಕಮ್ಮಿ, ಅಲುಗಾಟ ತಡೆಯುತ್ತೆ, ಆಸಿಡ್ ಚೆಲ್ಲಲ್ಲ. ಅದಕ್ಕೇ ಡಿಕ್ಕಿಯಲ್ಲೋ ಸೀಟ್ ಕೆಳಗೋ ಬ್ಯಾಟರಿ ಇಡೋ ಕಾರುಗಳಲ್ಲಿ ಹೆಚ್ಚಾಗಿ ಇದನ್ನೇ ಹಾಕಿರ್ತಾರೆ.

ನಾಲ್ಕನೇದು ಲಿಥಿಯಂ ಐರನ್ ಫಾಸ್ಫೇಟ್. ತುಂಬಾ ಹಗುರ. ಪೋರ್ಶೆ ಕಂಪನಿ 2010ರ ಹೊತ್ತಿಗೇ ಕೆಲವು ಕಾರುಗಳಿಗೆ ಆಪ್ಷನ್ ಆಗಿ ಕೊಟ್ಟಿತ್ತು. ಮಾಮೂಲಿ ಬ್ಯಾಟರಿಗಿಂತ 10 ಕಿಲೋ ಕಮ್ಮಿ ತೂಕ. ರೇಸ್ ಟ್ರ್ಯಾಕಿಗೆ ಹೋಗೋರಿಗೆ ಅದು ದೊಡ್ಡ ವಿಷಯ. ನಂಜನಗೂಡಿಗೆ ಹೋಗಿ ಬರೋ ನಮಗೆ ಅಲ್ಲ. ಬೆಲೆ ಹಲವು ಪಟ್ಟು. ಅದಕ್ಕೆ ಲಿಥಿಯಂ ಮೋಡ್ ಇರೋ ಚಾರ್ಜರ್ರೇ ಬೇಕು, ಲೆಡ್ ಆಸಿಡ್ ಚಾರ್ಜರ್‌ನ ಡಿಸಲ್ಫೇಶನ್ ಮೋಡ್ ಅದನ್ನ ಹಾಳು ಮಾಡಬಹುದು.

ನಮ್ಮ ನಿಯಮ ಸುಲಭ: ಕಾರು ಬರುವಾಗ ಎಜಿಎಂ ಇದ್ರೆ ಮತ್ತೆ ಎಜಿಎಂ ಹಾಕಿ. ನಾವು ಮಾಡಿದ ತಪ್ಪೇ ಅದು. ಮೊದಲನೇ ಎಜಿಎಂ ಹೋದಾಗ 16,000 ಅಂದ್ರು. ಅಯ್ಯೋ ಅಂತ ಎರಡು ಸಲ 8,000ದ ಸಾಮಾನ್ಯ ಬ್ಯಾಟರಿ ಹಾಕಿಸಿದ್ವಿ. ಕಾರಿನ ಕಂಪ್ಯೂಟರ್ ಎಜಿಎಂ ಇದೆ ಅಂದ್ಕೊಂಡೇ ಚಾರ್ಜ್ ಮಾಡ್ತಿತ್ತು.

ಅಂಗಡಿಯಲ್ಲಿ ನೋಡಬೇಕಾದ ಐದು ವಿಷಯ

ಒಂದು, ಅಳತೆ. ಯುರೋಪಿನ ಕಾರುಗಳಿಗೆ ಡಿಐಎನ್ ಅಳತೆ, ಜಪಾನ್ ಮೂಲದವಕ್ಕೆ ಜೆಐಎಸ್. 38ಬಿ20ಎಲ್ ಅಂತ ಇದ್ರೆ 20 ಅನ್ನೋದು ಉದ್ದ, ಸೆಂಟಿಮೀಟರ್‌ನಲ್ಲಿ. ಕೊನೆಯ ಎಲ್ ಅಥವಾ ಆರ್, ಟರ್ಮಿನಲ್ ಯಾವ ಕಡೆ ಅಂತ ಹೇಳುತ್ತೆ. ಅದು ತಪ್ಪಿದ್ರೆ ಕೇಬಲ್ ಎಟಕಲ್ಲ. ಹಳೇ ಬ್ಯಾಟರಿಯ ಫೋಟೊ ಫೋನಲ್ಲಿ ತಗೊಂಡು ಹೋಗಿ, ಸಾಕು.

ಎರಡು, ಸಿಸಿಎ. ಇದು ಮೈನಸ್ 18 ಡಿಗ್ರಿ ಚಳಿಯಲ್ಲಿ ಬ್ಯಾಟರಿ ಎಷ್ಟು ಕರೆಂಟ್ ಕೊಡುತ್ತೆ ಅನ್ನೋ ಲೆಕ್ಕ. ಮೈಸೂರಿನ ಡಿಸೆಂಬರ್‌ಗೆ ಇದು ಅಷ್ಟು ಮುಖ್ಯ ಅಲ್ಲ. ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇರಬಾರದು ಅಷ್ಟೇ. ನಿಂತೇ ಇರೋ ಕಾರಿಗೆ ಎಎಚ್ ಮುಖ್ಯ.

ಮೂರು, ತಯಾರಾದ ತಿಂಗಳು. ಅಂಗಡಿಯಲ್ಲಿ ಆರು ತಿಂಗಳು ಕೂತ ಬ್ಯಾಟರಿ ಅಲ್ಲೇ ಸಲ್ಫೇಶನ್ ಶುರು ಮಾಡಿರುತ್ತೆ. ಮೂರು ತಿಂಗಳ ಒಳಗಿಂದು ಕೇಳಿ. ಕೊಡೋ ಮುಂಚೆ ಮೀಟರ್ ಹಾಕಿಸಿ, 12.5 ವೋಲ್ಟ್‌ಗಿಂತ ಕಮ್ಮಿ ತೋರಿಸಿದ್ರೆ ಬೇರೇದು ಕೇಳಿ.

ನಾಲ್ಕು, ವಾರಂಟಿ. 36 ತಿಂಗಳು ಅಂದಾಗ ಪೂರ್ತಿ ಫ್ರೀ ಎಷ್ಟು, ಪ್ರೊರೇಟಾ ಎಷ್ಟು ಅಂತ ಕೇಳಿ. 18 ಜೊತೆ 18 ಅಂದ್ರೆ, ಮೊದಲ ಒಂದೂವರೆ ವರ್ಷದಲ್ಲಿ ದೋಷ ಬಂದ್ರೆ ಹೊಸದು ಕೊಡ್ತಾರೆ, ಆಮೇಲೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಪರ್ಸೆಂಟ್ ಡಿಸ್ಕೌಂಟ್ ಮಾತ್ರ. ಬಿಲ್ಲಲ್ಲಿ ಜಿಎಸ್‌ಟಿಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಲೆಡ್ ಆಸಿಡ್ ಬ್ಯಾಟರಿಗೆ 28 ಪರ್ಸೆಂಟ್ ಇದ್ದದ್ದು 18 ಆಗಿದೆ. ಹಳೇ ಬ್ಯಾಟರಿಯನ್ನ ಗುಜರಿಗೆ ಹಾಕ್ಬೇಡಿ. ಅದರಲ್ಲಿರೋ ಸೀಸ ವಿಷ. ಹೊಸದು ಕೊಡೋ ಅಂಗಡಿಗೇ ಕೊಟ್ರೆ ಬೆಲೇಲಿ ಕಳೀತಾರೆ, ಅದು ಸರಿಯಾದ ರೀಸೈಕ್ಲಿಂಗ್‌ಗೂ ಹೋಗುತ್ತೆ.

ಐದು, ಹಾಕಿಸುವಾಗ. ಡಿಕ್ಕಿಯಲ್ಲಿ ಬ್ಯಾಟರಿ ಇದ್ರೆ ಪಕ್ಕದಲ್ಲಿ ಒಂದು ಸಣ್ಣ ರಬ್ಬರ್ ಪೈಪ್ ಇರುತ್ತೆ. ಚಾರ್ಜ್ ಆಗುವಾಗ ಬರೋ ಹೈಡ್ರೋಜನ್ ಗ್ಯಾಸ್ ಹೊರಗೆ ಹೋಗೋ ದಾರಿ ಅದು. ನಮ್ಮ ಕಾರಲ್ಲಿ ಅದು ಎರಡು ವರ್ಷದಿಂದ ಸಿಕ್ಕಿಸದೆ ನೇತಾಡ್ತಿತ್ತು. ಬಿಎಂಡಬ್ಲ್ಯುನಂಥ ಹಲವು ಯುರೋಪಿಯನ್ ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ್ದನ್ನ ಸ್ಕ್ಯಾನರ್ ಮೂಲಕ ಕಾರಿಗೆ ತಿಳಿಸಬೇಕು. ಇಲ್ದಿದ್ರೆ ಅದು ಹೊಸ ಬ್ಯಾಟರಿಗೂ ಹಳೇದಕ್ಕೆ ಕೊಡೋ ಥರಾನೇ ಚಾರ್ಜ್ ಕೊಡ್ತಾ ಇರುತ್ತೆ.

ನಿಜವಾದ ಮದ್ದು: ಮೇಂಟೇನರ್

ಬ್ಯಾಟರಿ ಯಾವುದೇ ಇರಲಿ, ದಿನಕ್ಕೆ 1 ಎಎಚ್ ಖರ್ಚು ನಿಲ್ಲಲ್ಲ. ಹಾಗಾಗಿ ದಿನಕ್ಕೆ 1 ಎಎಚ್ ಜಮೆ ಆಗ್ಬೇಕು. ಅದಕ್ಕಿರೋದು ಬ್ಯಾಟರಿ ಮೇಂಟೇನರ್. ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬಿ, ಗೋಡೆಯ ಪ್ಲಗ್ಗಿಗೆ ಒಂದು ವೈರ್, ಬ್ಯಾಟರಿಗೆ ಎರಡು. ಮೊದಲು 14.4 ವೋಲ್ಟ್ ಆಸುಪಾಸಿಗೆ ಏರಿಸಿ ಪೂರ್ತಿ ಚಾರ್ಜ್ ಮಾಡುತ್ತೆ. ಆಮೇಲೆ ತಾನೇ 13.5 ಆಸುಪಾಸಿಗೆ ಇಳಿದು, ಸೋರಿದಷ್ಟನ್ನ ಮಾತ್ರ ತುಂಬ್ತಾ ಕೂರುತ್ತೆ. ತಿಂಗಳುಗಟ್ಟಲೆ ಹಾಗೇ ಬಿಡಬಹುದು.

ಬ್ಯಾಟರಿ ಅಂಗಡಿಯ ಹಳೇ ದೊಡ್ಡ ಚಾರ್ಜರ್ ಬೇರೆ. ಅದು ತಾನಾಗೇ ಆಫ್ ಆಗಲ್ಲ. ರಾತ್ರಿಯೆಲ್ಲ ಬಿಟ್ರೆ ಆಸಿಡ್ ಕುದಿಯುತ್ತೆ. ಸೀಲ್ ಆದ ಎಜಿಎಂಗೆ ನೀರು ಹಾಕೋಕೂ ಆಗಲ್ಲ, ಸೀದಾ ಹಾಳು. ತಗೊಳ್ಳುವಾಗ ಆಟೋಮ್ಯಾಟಿಕ್ ಇದೆಯಾ, ಎಜಿಎಂ ಮೋಡ್ ಇದೆಯಾ ಅಂತ ನೋಡಿ. 70 ಎಎಚ್‌ಗೆ 4-5 ಆಂಪಿಯರ್‌ದು ಧಾರಾಳ ಆಯ್ತು. ನಾನು ಕೊಟ್ಟಿದ್ದು ಐದೂವರೆ ಸಾವಿರ.

ಚೆಸ್ಕಾಂ ಬಿಲ್ ಜಾಸ್ತಿ ಬರುತ್ತೆ ಅಂತ ದೊಡ್ಡಮ್ಮ ಕೇಳಿದ್ರು. ಫುಲ್ ಆದ್ಮೇಲೆ ಅದು ತಗೊಳ್ಳೋದು ಕೆಲವೇ ವ್ಯಾಟ್. 5 ವ್ಯಾಟ್ ಅಂದ್ಕೊಂಡ್ರೆ ತಿಂಗಳಿಗೆ 3.6 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಾಕಿದ್ರೂ 25 ರೂಪಾಯಿ.

ಒಂದು ಎಚ್ಚರಿಕೆ. ಚಾರ್ಜ್ ಆಗ್ತಿರೋ ಬ್ಯಾಟರಿ ಹತ್ರ ಬೆಂಕಿ ಬೇಡ. ಆಯುಧಪೂಜೆ ದಿನ ಮಂಗಳಾರತಿ ಮಾಡೋಕೆ ಮುಂಚೆ ಚಾರ್ಜರ್ ಆಫ್ ಮಾಡಿ, ಡಿಕ್ಕಿ ತೆರೆದು ಗಾಳಿ ಆಡೋಕೆ ಬಿಡಿ. ಕರ್ಪೂರ, ಊದುಬತ್ತಿ ಕಾರಿನ ಮುಂದೆ ಇರಲಿ, ಬ್ಯಾಟರಿ ಹತ್ರ ಬೇಡ.

ಪಾರ್ಕಿಂಗಲ್ಲಿ ಪ್ಲಗ್ ಪಾಯಿಂಟ್ ಇಲ್ಲ ಅಂದ್ರೆ

ಅಪಾರ್ಟ್‌ಮೆಂಟಲ್ಲಿ ಇರೋರ ಪ್ರಶ್ನೆ ಇದು. ಎರಡು ದಾರಿ ಇದೆ.

ನೆಗೆಟಿವ್ ಟರ್ಮಿನಲ್ ಬಿಚ್ಚಿಡೋದು. ಹೆಚ್ಚಿನ ಕಾರುಗಳಿಗೆ 10 ನಂಬರ್ ಸ್ಪ್ಯಾನರ್ ಸಾಕು. ಪೂರ್ತಿ ಬ್ಯಾಟರಿ ತೆಗೆಯೋದಾದ್ರೆ ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್, ಹಾಕುವಾಗ ಉಲ್ಟಾ. ಬಿಚ್ಚಿದ್ರೆ ಡ್ರೈನ್ ನಿಲ್ಲುತ್ತೆ, ಬ್ಯಾಟರಿ ತಿಂಗಳುಗಟ್ಟಲೆ ತಡೆಯುತ್ತೆ. ಆದ್ರೆ ಅಲಾರಂ ಇರಲ್ಲ, ಗಡಿಯಾರ, ಕಿಟಕಿ ಸೆಟ್ಟಿಂಗ್ ಹೋಗುತ್ತೆ, ಕೆಲವು ಸ್ಟೀರಿಯೊ ಕೋಡ್ ಕೇಳುತ್ತೆ. ಎರಡನೇದು, ಎರಡು ತಿಂಗಳಿಗೊಮ್ಮೆ ಬ್ಯಾಟರಿ ಮನೆ ಒಳಗೆ ತಂದು ಒಂದು ರಾತ್ರಿ ಸ್ಮಾರ್ಟ್ ಚಾರ್ಜರ್‌ಗೆ ಹಾಕೋದು. ಭಾರ ಇರುತ್ತೆ, ಸೊಂಟ ನೋಡ್ಕೊಳ್ಳಿ.

ಎರಡೂ ಆಗಲ್ಲ ಅಂದ್ರೆ ಕನಿಷ್ಠ ಡ್ರೈನ್ ಕಮ್ಮಿ ಮಾಡಿ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಒಬಿಡಿ ಪೋರ್ಟಲ್ಲಿ ಚುಚ್ಚಿಟ್ಟ ಬ್ಲೂಟೂತ್ ಡಬ್ಬಿ ಇವೆಲ್ಲ ಕಳ್ಳ ಖರ್ಚು. ಕೀಲೆಸ್ ಕಾರಾದ್ರೆ ಕೀಯನ್ನ ಕಾರಿನಿಂದ ದೂರ ಇಡಿ. ಫಾಸ್ಟ್ಯಾಗ್ ಬಗ್ಗೆ ಯೋಚನೆ ಬೇಡ, ಅದು ಬ್ಯಾಟರಿಯಿಂದ ಕರೆಂಟ್ ತಗೊಳ್ಳಲ್ಲ.

ಪೂರ್ತಿ ಸತ್ತೋಗಿದ್ರೆ

ಸ್ಪೋರ್ಟ್ಸ್ ಕಾರಿನಲ್ಲಿ ಇದೊಂದು ತಮಾಷೆ. ಬ್ಯಾಟರಿ ಡಿಕ್ಕಿಯಲ್ಲಿರುತ್ತೆ, ಡಿಕ್ಕಿ ತೆಗೆಯೋದು ಎಲೆಕ್ಟ್ರಿಕ್ ಲಾಕ್, ಕರೆಂಟೇ ಇಲ್ಲ. ರಿಮೋಟ್ ಒಳಗೆ ಒಂದು ಸಣ್ಣ ಲೋಹದ ಕೀ ಇರುತ್ತೆ, ಅದು ಇಂಥ ದಿನಕ್ಕೇ ಇರೋದು. ಪೋರ್ಶೆಯ ಹಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ. ಅದು ತೆಗೆಯೋಕೆ ಕಾಲಿಡೋ ಜಾಗದ ಫ್ಯೂಸ್ ಬಾಕ್ಸಲ್ಲಿ ಒಂದು ಟರ್ಮಿನಲ್ ಕೊಟ್ಟಿರ್ತಾರೆ. ಹೊರಗಿನ ಬ್ಯಾಟರಿಯಿಂದ ಅಲ್ಲಿಗೆ ಕರೆಂಟ್ ಕೊಟ್ರೆ ಲಾಕ್ ಬಿಡುತ್ತೆ. ಯಾವ ಕಾರಾದ್ರೂ ಮ್ಯಾನುಯಲ್‌ನ ಆ ಒಂದು ಪುಟದ ಫೋಟೊ ಫೋನಲ್ಲಿ ಇಟ್ಕೊಳ್ಳಿ. ಬಾಗಿಲಿಗೆ ಫ್ರೇಮ್ ಇಲ್ಲದ ಕಾರುಗಳಲ್ಲಿ ಬಾಗಿಲು ತೆಗೆದಾಗ ಗಾಜು ಸ್ವಲ್ಪ ಕೆಳಗಿಳಿಯುತ್ತೆ. ಕರೆಂಟ್ ಇಲ್ದಿದ್ರೆ ಇಳಿಯಲ್ಲ. ಜೋರಾಗಿ ಎಳೀಬೇಡಿ.

ಜಂಪ್ ಸ್ಟಾರ್ಟ್ ಮಾಡೋದಾದ್ರೆ ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೇ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೇ ಬ್ಯಾಟರಿಯ ನೆಗೆಟಿವ್‌ಗೆ, ಅದರ ಇನ್ನೊಂದು ತುದಿ ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದ್ರೂ ಗ್ಯಾಸ್ ಹತ್ರ ಹಾರಲ್ಲ. ಡಿಕ್ಕಿಯಲ್ಲಿ ಬ್ಯಾಟರಿ ಇರೋ ಕಾರುಗಳಿಗೆ ಬಾನೆಟ್ ಕೆಳಗೇ ಜಂಪ್ ಪಾಯಿಂಟ್ ಇರುತ್ತೆ, ನೋಡಿ. ಸ್ಟಾರ್ಟ್ ಆಯ್ತು ಅಂತ ಬಿಡ್ಬೇಡಿ, ಅವತ್ತೇ ರಾತ್ರಿ ಚಾರ್ಜರ್‌ಗೆ ಹಾಕಿ. ಬ್ಯಾಟರಿ ಉಬ್ಬಿದ್ರೆ ಯಾವ ಪ್ರಯತ್ನವೂ ಬೇಡ, ಬದಲಾಯಿಸಿ.

ಮೀಟರ್ ಓದೋದು ಹೇಗೆ

ಐನೂರು ರೂಪಾಯಿ ಒಳಗೆ ಒಂದು ಮಲ್ಟಿಮೀಟರ್ ಸಿಗುತ್ತೆ. ಕಾರು ಒಂದು ರಾತ್ರಿ ಸುಮ್ಮನೆ ನಿಂತ ಮೇಲೆ, ಚಾರ್ಜರ್ ತೆಗೆದು, ಬೆಳಿಗ್ಗೆ ನೋಡಿ.

12.6 ಅಥವಾ ಮೇಲೆ: ಫುಲ್. ಎಜಿಎಂ ಆದ್ರೆ 12.8 ಹತ್ರ ಇರುತ್ತೆ.
12.4: ಮುಕ್ಕಾಲು. ಈಗಲೇ ಚಾರ್ಜ್ ಮಾಡಿ.
12.2: ಅರ್ಧ. ಸಲ್ಫೇಶನ್ ನಡೀತಾ ಇದೆ.
12.0: ಕಾಲು ಭಾಗ.
11.8 ಅಥವಾ ಕೆಳಗೆ: ಖಾಲಿ.

12 ವೋಲ್ಟ್ ಬ್ಯಾಟರಿ 12 ವೋಲ್ಟ್ ತೋರಿಸ್ತು, ಸರಿಯಾಗಿದೆ ಅಂದ್ಕೊಳ್ಳೋದು ಎಲ್ಲರೂ ಮಾಡೋ ತಪ್ಪು. 12.6ರಿಂದ 12.0ಕ್ಕೆ ಬರೀ 0.6 ಅಂತರ, ಅಷ್ಟರಲ್ಲೇ ಮುಕ್ಕಾಲು ಭಾಗ ಬ್ಯಾಲೆನ್ಸ್ ಹೋಗಿರುತ್ತೆ.

ಕೊನೆಯ ಲೆಕ್ಕ

ನಾಲ್ಕು ವರ್ಷದಲ್ಲಿ ಹಾಳಾದ ಮೂರು ಬ್ಯಾಟರಿಗಳ ಬೆಲೆ ಒಟ್ಟು 32,000. ವರ್ಷಕ್ಕೆ 8,000. ಈ ಸಲ ಹೊಸ ಎಜಿಎಂಗೆ 17,000, ಮೇಂಟೇನರ್‌ಗೆ 5,500, ಒಟ್ಟು 22,500. ಆರು ವರ್ಷ ಬಂದ್ರೆ ವರ್ಷಕ್ಕೆ 3,750, ಕರೆಂಟಿಗೆ 300 ಸೇರಿಸಿ. ಬರೀ ನಾಲ್ಕು ವರ್ಷ ಬಂದ್ರೂ 6,000 ಒಳಗೇ ಆಗುತ್ತೆ.

ಈ ಲೆಕ್ಕದ ಪೇಪರಿನ ಫೋಟೊ ನಾನು ಮೆಲ್ಬರ್ನ್‌ಗೆ ವಾಟ್ಸಾಪ್ ಮಾಡ್ದೆ. ಅಣ್ಣ ಅವತ್ತು ನನಗೆ ರಿಪ್ಲೈ ಮಾಡಲಿಲ್ಲ. ಸೀದಾ ದೊಡ್ಡಪ್ಪಂಗೆ ಫೋನ್ ಮಾಡಿದ. ಏನ್ ಮಾತಾಡಿದ್ರು ಅಂತ ನಾನು ಕೇಳಿಲ್ಲ. ಫೋನ್ ಇಟ್ಮೇಲೆ ದೊಡ್ಡಪ್ಪ ಕಾಫಿ ಕೇಳಿದ್ರು.

ಅವರ ಭಾನುವಾರ ಈಗಲೂ ಇದೆ. ಕವರ್ ತೆಗೀತಾರೆ, ಧೂಳು ಒರೆಸ್ತಾರೆ, ಮೇಂಟೇನರ್‌ನ ಹಸಿರು ದೀಪ ನೋಡ್ತಾರೆ. ತಿಂಗಳಿಗೊಮ್ಮೆ ಹಿಂದಿನ ರಾತ್ರಿ ಪ್ಲಗ್ ತೆಗೆದು, ಬೆಳಿಗ್ಗೆ ಮೀಟರ್ ಹಿಡಿದು, ಹಳೇ ಬ್ಯಾಂಕ್ ಡೈರಿಯಲ್ಲಿ ತಾರೀಕು, ವೋಲ್ಟ್ ಬರೀತಾರೆ. ಹೋದ ಸಲ 12.8 ಇತ್ತು. ಆಮೇಲೆ ನಾವಿಬ್ರೂ ನಂಜನಗೂಡಿಗೆ ಹೋಗಿ ದರ್ಶನ ಮಾಡ್ಕೊಂಡು ಬರ್ತೀವಿ. ಹೋಗ್ತಾ ನಾನು ಓಡಿಸ್ತೀನಿ, ಬರ್ತಾ ಅವರು. ಟಾಪ್ ತೆಗೆಯೋಕೆ ಮಾತ್ರ ಇನ್ನೂ ಒಪ್ಪಿಲ್ಲ, ಧೂಳು ಅಂತಾರೆ.

ನಿಮ್ಮ ಮನೇಲೂ ಯಾರಾದ್ರೂ ನಿಮ್ಮ ಗಾಡಿಗೆ ಹೀಗೆ ಭಾನುವಾರದ ಸೇವೆ ಮಾಡ್ತಿದ್ರೆ, ಈ ಎಪಿಸೋಡ್ ಅವರಿಗೆ ಕೇಳಿಸಿ. ಬೈಬೇಡಿ, ಒಂದು ಮೇಂಟೇನರ್ ತಂದುಕೊಡಿ.